ಕಡಲು ಬಿಡುವ ಬಿಸಿಯನ್ನು ಅಳೆಯುವುದು ಯಾಕಿಷ್ಟು ಕಷ್ಟ?

ನಮ್ಮ ಅಜ್ಜಿ ಮನೆ ಕುಮಟಾದಲ್ಲಿ. ಅಕ್ಕನನ್ನು ಕೊಟ್ಟಿರುವುದು ವಿಜಯಪುರಕ್ಕೆ. ಎರಡೂ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಕುಡಿಯುವ ನೀರಿಗೆ ಮಣ್ಣಿನ ಹೂಜಿ ಇಡುತ್ತಾರೆ. ವಿಜಯಪುರದಲ್ಲಿ ಹೊರಗೆ 40 ಡಿಗ್ರಿ ಸುಡುತ್ತಿದ್ದರೂ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಕುಮಟಾದಲ್ಲಿ ಅಷ್ಟು ಬಿಸಿಲಿಲ್ಲ. ಆದರೂ ಅಲ್ಲಿನ ಹೂಜಿಯ ನೀರು ಸುಮಾರಾಗಿ ತಂಪು, ಅಷ್ಟೇ.

ಕಾರಣ ಗೊತ್ತಿರುವುದೇ. ಹೂಜಿಯ ಮೈಯಿಂದ ನೀರು ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ವಿಜಯಪುರದ ಗಾಳಿ ಒಣಗಾಳಿ, ಎಷ್ಟು ಆವಿ ಕೊಟ್ಟರೂ ಕುಡಿಯುತ್ತದೆ. ಕುಮಟಾದ ಗಾಳಿಯ ಹೊಟ್ಟೆ ಆಗಲೇ ತುಂಬಿದೆ. ಇನ್ನು ಗಾಳಿ ಬೀಸುವ ಕಿಟಕಿಯ ಪಕ್ಕ ಇಟ್ಟರೆ ಯಾವ ಊರಿನ ಹೂಜಿಯಾದರೂ ಇನ್ನಷ್ಟು ತಣ್ಣಗಾಗುತ್ತದೆ, ಅಲ್ವಾ?

ಸಮುದ್ರ ತನ್ನ ಬಿಸಿಯನ್ನು ಗಾಳಿಗೆ ಕೊಡುವುದೂ ಮುಖ್ಯವಾಗಿ ಹೀಗೆಯೇ. ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೇ ಎರಡರಷ್ಟು. ನಮ್ಮ ಕಡೆಯ ಬೆಚ್ಚಗಿನ ಸಮುದ್ರದಿಂದ ದಿನಕ್ಕೆ ಸುಮಾರು ನಾಲ್ಕು ಮಿಲಿಮೀಟರ್ ನೀರು ಆವಿಯಾಗುತ್ತದೆ ಅಂದುಕೊಳ್ಳಿ. ಅಂದರೆ ಒಂದು ಚದರ ಮೀಟರಿಗೆ ನಾಲ್ಕು ಲೀಟರ್, ಎರಡೂವರೆ ಯೂನಿಟ್ಟಿಗಿಂತ ಜಾಸ್ತಿ. ಒಂದು ಮಂಚದಷ್ಟೂ ಇಲ್ಲದ ಜಾಗದಿಂದ ದಿನಕ್ಕೆ ಇಷ್ಟು. ಇಡೀ ಅರಬ್ಬಿ ಸಮುದ್ರಕ್ಕೆ, ಬಂಗಾಳ ಕೊಲ್ಲಿಗೆ ಇದನ್ನು ಗುಣಿಸಿ ನೋಡಿ. ಆ ಶಾಖ ಎಲ್ಲೂ ಕಳೆದುಹೋಗುವುದಿಲ್ಲ. ಆವಿಯೊಳಗೆ ಬಚ್ಚಿಟ್ಟುಕೊಂಡು ಮೇಲೇರಿ, ಮೋಡವಾಗುವಾಗ ಹೊರಬೀಳುತ್ತದೆ. ಶಾಲೆಯ ಪುಸ್ತಕದಲ್ಲಿ ಓದಿದ ಗುಪ್ತೋಷ್ಣ ಇದೇ. ಮುಂಗಾರು ಓಡುವುದು ಈ ಇಂಧನದ ಮೇಲೆ.

ಕಡಲಿನ ಜಮಾ-ಖರ್ಚಿನಲ್ಲಿ ಒಟ್ಟು ನಾಲ್ಕು ಬಾಬ್ತು. ಜಮಾ ಎಂದರೆ ಬಿಸಿಲು, ಹಗಲು ರಾತ್ರಿ ಸರಾಸರಿ ಹಿಡಿದರೆ ಉಷ್ಣವಲಯದಲ್ಲಿ ಚದರ ಮೀಟರಿಗೆ ಸುಮಾರು 200 ವ್ಯಾಟ್. ಖರ್ಚಿನಲ್ಲಿ ದೊಡ್ಡದು ಆವಿ, ಸುಮಾರು 110 ವ್ಯಾಟ್. ಕಣ್ಣಿಗೆ ಕಾಣದ ಅವಗೆಂಪು ವಿಕಿರಣವಾಗಿ ಹೋಗುವುದು ಅದರ ಅರ್ಧದಷ್ಟು. ನೀರು ಗಾಳಿಯನ್ನು ಮುಟ್ಟಿ ನೇರವಾಗಿ ಬೆಚ್ಚಗೆ ಮಾಡುವುದು ನಮ್ಮ ಕಡೆ ತೀರಾ ಕಡಿಮೆ, ಹತ್ತು ವ್ಯಾಟ್ ಆದರೆ ದೊಡ್ಡದು. ಇವೆಲ್ಲ ಸ್ಥೂಲ ಅಂದಾಜು. ಕಾಲ ಬದಲಾದಂತೆ, ಜಾಗ ಬದಲಾದಂತೆ ಅಂಕಿಗಳು ಬಹಳ ಏರುಪೇರಾಗುತ್ತವೆ.

ಈ ಲೆಕ್ಕದಲ್ಲಿ ಹತ್ತು ವ್ಯಾಟ್ ಆಚೀಚೆ ಆದರೆ ಏನಾಯಿತು ಅಂತ ಕೇಳಬಹುದು. ಹತ್ತು ವ್ಯಾಟ್ ಅಂದರೆ ಒಂದು ಎಲ್‌ಇಡಿ ಬಲ್ಬು. ಆದರೆ ಆ ಬಲ್ಬು ಪ್ರತಿ ಚದರ ಮೀಟರಿನಲ್ಲೂ ಇದೆ, ಆರುವುದೇ ಇಲ್ಲ. ಸಮುದ್ರದ ಮೇಲಿನ 20 ಮೀಟರ್ ನೀರು ಚೆನ್ನಾಗಿ ಕಲಸಿಕೊಂಡಿದೆ ಅಂದುಕೊಂಡು ಲೆಕ್ಕ ಹಾಕಿದರೆ, ಹತ್ತು ವ್ಯಾಟ್ ಒಂದು ತಿಂಗಳಲ್ಲಿ ಆ ನೀರನ್ನು 0.3 ಡಿಗ್ರಿ ಬಿಸಿ ಮಾಡುತ್ತದೆ. ಮೂರು ತಿಂಗಳಿಗೆ ಹತ್ತಿರ ಹತ್ತಿರ ಒಂದು ಡಿಗ್ರಿ. ಬಂಗಾಳ ಕೊಲ್ಲಿಯ ಉತ್ತರಕ್ಕೆ ಹೋದರೆ ಕಥೆ ಇನ್ನೂ ಸೂಕ್ಷ್ಮ. ಗಂಗೆ, ಬ್ರಹ್ಮಪುತ್ರ, ಐರಾವತಿ ತಂದು ಸುರಿಯುವ ಸಿಹಿನೀರು ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ಕೂರುತ್ತದೆ. ಮಳೆನೀರೂ ಅದರ ಮೇಲೆ ಬೀಳುತ್ತದೆ. ಅಲ್ಲಿ ಮೇಲಿನ ಪದರ ಎಷ್ಟೋ ಸಲ ಹತ್ತು ಮೀಟರೂ ಇರುವುದಿಲ್ಲ. ಅದೇ ಹತ್ತು ವ್ಯಾಟ್ ಅಲ್ಲಿ ತಿಂಗಳಿಗೆ 0.6 ಡಿಗ್ರಿಯ ವ್ಯತ್ಯಾಸ ತರುತ್ತದೆ.

ಆ ಅರ್ಧ ಡಿಗ್ರಿಗೆ ಬೆಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು 1984ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು. ನಮ್ಮ ಸುತ್ತಲಿನ ಸಮುದ್ರದ ಮೇಲೆ ಎತ್ತರದ ಮಳೆಮೋಡಗಳು ಎದ್ದೇಳಬೇಕಾದರೆ ನೀರಿನ ಮೈ ಸುಮಾರು 28 ಡಿಗ್ರಿ ದಾಟಿರಬೇಕು. ಅದಕ್ಕಿಂತ ಕೆಳಗೆ ಮೋಡ ಏಳುವ ಸಾಧ್ಯತೆ ತಟ್ಟನೆ ಕುಸಿಯುತ್ತದೆ. ದಾಟಿದ ಮಾತ್ರಕ್ಕೆ ಮಳೆ ಬಂದೇ ಬರುತ್ತದೆ ಎಂದಲ್ಲ, ಆದರೆ ದಾಟದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಬಂಗಾಳ ಕೊಲ್ಲಿ ಮುಂಗಾರಿನ ಉದ್ದಕ್ಕೂ ಈ ಗಡಿಯ ಆಸುಪಾಸಿನಲ್ಲೇ, ಹೆಚ್ಚಾಗಿ ಮೇಲೆಯೇ ಇರುತ್ತದೆ. ಅಲ್ಲಿ ಹುಟ್ಟುವ ವಾಯುಭಾರ ಕುಸಿತ ಒಡಿಶಾ ಕಡೆಗೆ ಸರಿದಾಗ ನಮ್ಮ ಪಶ್ಚಿಮದ ಗಾಳಿ ಜೋರಾಗುತ್ತದೆ. ಆಗುಂಬೆಯಲ್ಲಿ ಮಳೆ ಹಿಡಿಯುತ್ತದೆ. ಲಿಂಗನಮಕ್ಕಿಗೆ ನೀರು ಬರುತ್ತದೆ.

ಇದು ಹೊಸ ಪ್ರಶ್ನೆಯೂ ಅಲ್ಲ. ಪಶ್ಚಿಮ ಘಟ್ಟದ ಮೇಲೆ ಬೀಳುವ ಮಳೆಯ ಆವಿ ಎಲ್ಲಿಂದ ಬರುತ್ತದೆ ಅಂತ 1960ರ ದಶಕದಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಂಶೋಧನಾ ಯಾತ್ರೆಯ ಕಾಲದ ಮಾಹಿತಿ ಹಿಡಿದು ಹವಾಮಾನ ವಿಜ್ಞಾನಿ ಪಿ.ಆರ್. ಪಿಶಾರೊಟಿ 1965ರಲ್ಲಿ, ಮುಖ್ಯ ಪಾಲು ಅರಬ್ಬಿ ಸಮುದ್ರದಿಂದಲೇ ಆವಿಯಾಗಿ ಬರುತ್ತದೆ ಎಂದರು. 1970ರಲ್ಲಿ ಕೆ. ಸಹಾ ಬೇರೆ ಲೆಕ್ಕ ಮುಂದಿಟ್ಟು, ಜಾಸ್ತಿ ಪಾಲು ಭೂಮಧ್ಯರೇಖೆ ದಾಟಿ ದಕ್ಷಿಣದಿಂದ ಬರುತ್ತದೆ ಎಂದರು. ಮುಂದಿನ ಅಧ್ಯಯನಗಳು ದಕ್ಷಿಣದ ಪಾಲೇ ದೊಡ್ಡದು ಅನ್ನುವ ಕಡೆ ವಾಲಿದವು, ಅರಬ್ಬಿ ಸಮುದ್ರದ ಪಾಲೂ ಸಣ್ಣದಲ್ಲ. ಇಬ್ಬರೂ ದಡ್ಡರಲ್ಲ, ಇಬ್ಬರೂ ಶ್ರದ್ಧೆಯಿಂದ ಲೆಕ್ಕ ಹಾಕಿದವರೇ. ಅಷ್ಟು ದೊಡ್ಡ ಸಮುದ್ರಕ್ಕೆ ಬೆರಳೆಣಿಕೆಯ ಹಡಗುಗಳ ಅಳತೆ ಸಾಲುತ್ತಿರಲಿಲ್ಲ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಈ ಚರ್ಚೆ ಓದಿ. ನಮ್ಮ ಮನೆಯ ಮಾಡಿನ ಮೇಲೆ ಸುರಿಯುವ ನೀರಿನ ಊರು ಯಾವುದು ಅಂತ ಹೇಳಲು ಅಷ್ಟು ಕಷ್ಟವಾಗಿತ್ತು!

ಹಾಗಾದರೆ ಸುಮ್ನೆ ಒಂದು ಮೀಟರ್ ಇಟ್ಟು ಅಳೆಯಬಾರದೇ? ಅಲ್ಲೇ ಇದೆ ತೊಡಕು. ನೀರಿನಿಂದ ಹೊರಟ ಶಾಖ ನೇರ ಗೆರೆಯಲ್ಲಿ ಮೇಲೆ ಹೋಗುವುದಿಲ್ಲ. ಗಾಳಿಯ ಸಣ್ಣ ದೊಡ್ಡ ಸುಳಿಗಳು ಅದನ್ನು ಹೊತ್ತೊಯ್ಯುತ್ತವೆ. ಒಂದು ಸುಳಿ ತೇವದ ಗಾಳಿಯನ್ನು ಮೇಲೆತ್ತುತ್ತದೆ, ಇನ್ನೊಂದು ಒಣಗಾಳಿಯನ್ನು ಕೆಳಗಿಳಿಸುತ್ತದೆ. ಈ ಏರಿಳಿತದ ಲೆಕ್ಕವೇ ಶಾಖದ ಲೆಕ್ಕ. ಅದನ್ನು ಹಿಡಿಯಲು ಶಬ್ದದ ಅಲೆಗಳಿಂದ ಗಾಳಿಯ ವೇಗ ಅಳೆಯುವ ಉಪಕರಣ ಬೇಕು. ಪಕ್ಕದಲ್ಲೇ ಗಾಳಿಯಲ್ಲಿನ ಆವಿಯನ್ನು ಅಳೆಯುವ ಅವಗೆಂಪು ಉಪಕರಣ ಬೇಕು. ಎರಡೂ ಸೆಕೆಂಡಿಗೆ ಹತ್ತಿಪ್ಪತ್ತು ಸಲ ಓದಬೇಕು. ಗಾಳಿ ಮೇಲಕ್ಕೆ ಹೋದಾಗಲೆಲ್ಲ ತೇವ ಎಷ್ಟಿತ್ತು, ಕೆಳಕ್ಕೆ ಬಂದಾಗ ಎಷ್ಟಿತ್ತು ಅಂತ ಅರ್ಧ ಗಂಟೆ ಕೂಡಿಸಿದರೆ ಒಂದು ನಂಬಬಹುದಾದ ಅಂಕಿ ಸಿಗುತ್ತದೆ.

ಹೊಲದಲ್ಲಿ ಕಂಬ ನೆಟ್ಟು ಇದನ್ನು ಮಾಡಬಹುದು. ಹಡಗಿನಲ್ಲಿ? ಸುಳಿಗಾಳಿಯ ಏರಿಳಿತ ಸೆಕೆಂಡಿಗೆ ಕೆಲವು ಹತ್ತು ಸೆಂಟಿಮೀಟರ್. ಅಲೆಯ ಮೇಲೆ ಹಡಗೇ ಸೆಕೆಂಡಿಗೆ ಒಂದು ಮೀಟರ್ ಏರಿ ಇಳಿಯುತ್ತದೆ. ಅಳೆಯಬೇಕಾದ್ದಕ್ಕಿಂತ ಅಳೆಯುವವನ ಓಲಾಟವೇ ದೊಡ್ಡದು. ಹಾಗಾಗಿ ಹಡಗಿನ ಪ್ರತಿಯೊಂದು ವಾಲುವಿಕೆ, ಏರಿಳಿತವನ್ನೂ ಬೇರೆ ಉಪಕರಣಗಳಿಂದ ದಾಖಲಿಸಿ ಕಳೆಯಬೇಕು. ಸಾಲದ್ದಕ್ಕೆ ಹಡಗಿನ ಮೈ ಗಾಳಿಗೆ ಅಡ್ಡ ನಿಲ್ಲುತ್ತದೆ. ಹರಿಯುವ ಹಳ್ಳದಲ್ಲಿ ಬಂಡೆ ಇದ್ದಂತೆ, ಗಾಳಿ ಅದನ್ನು ಬಳಸಿಕೊಂಡು, ಹತ್ತಿಕೊಂಡು ಹೋಗುತ್ತದೆ. ಅದಕ್ಕೇ ಉಪಕರಣಗಳನ್ನು ಹಡಗಿನ ಮೂತಿಯ ತುದಿಯಲ್ಲಿ ಕಂಬ ನಿಲ್ಲಿಸಿ ಕಟ್ಟುತ್ತಾರೆ, ಹಡಗನ್ನು ಗಾಳಿಗೆ ಎದುರಾಗಿ ನಿಲ್ಲಿಸುತ್ತಾರೆ. ಆಮೇಲೆ ಉಪ್ಪು. ಅಲೆಯ ತುಂತುರು ಹಾರಿ ಬಂದು ಗಾಜಿನ ಮೇಲೆ ಒಣಗಿದರೆ ಆವಿಯ ಅಳತೆ ಕೆಡುತ್ತದೆ. ಕಡಲತೀರದ ಮನೆಯ ಕಿಟಕಿ ಗಾಜು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಕಷ್ಟದ ಕೆಲಸವನ್ನು ಇಡೀ ಸಾಗರದಲ್ಲಿ ದಿನಾ ಮಾಡಲು ಆಗುವುದಿಲ್ಲ. ಅದಕ್ಕೆ ಒಂದು ಒಳದಾರಿ ಇದೆ. ಗಾಳಿಯ ವೇಗ, ನೀರಿನ ಮೈಯ ಉಷ್ಣತೆ, ಗಾಳಿಯ ಉಷ್ಣತೆ, ಗಾಳಿಯ ತೇವ ಇಷ್ಟು ಗೊತ್ತಿದ್ದರೆ ಒಂದು ಸೂತ್ರದಿಂದ ಶಾಖವನ್ನು ಅಂದಾಜು ಮಾಡಬಹುದು. ನೀರಿನ ಮೈಗೆ ಅಂಟಿದ ಗಾಳಿಯ ತೇವಕ್ಕೂ ಮೇಲಿನ ಗಾಳಿಯ ತೇವಕ್ಕೂ ಎಷ್ಟು ವ್ಯತ್ಯಾಸ, ಅದನ್ನು ಗಾಳಿಯ ವೇಗದಿಂದ ಗುಣಿಸಿ, ಮತ್ತೆ ಒಂದು ಗುಣಾಂಕದಿಂದ ಗುಣಿಸಿ. ಹೂಜಿಯ ತತ್ವವೇ. ಒಣಗಾಳಿ ಇದ್ದರೆ ಜಾಸ್ತಿ, ಬೀಸಿದರೆ ಇನ್ನೂ ಜಾಸ್ತಿ. ಆ ಗುಣಾಂಕ ಎಷ್ಟು ಅಂತ ಕಂಡುಹಿಡಿಯಲು ಮಾತ್ರ ಮೊದಲು ಹೇಳಿದ ಕಷ್ಟದ ಅಳತೆ ಬೇಕೇ ಬೇಕು.

ಸೂತ್ರ ನೋಡಲು ಸುಲಭ. ಒಳಗೆ ಹಾಕುವ ಒಂದೊಂದು ಅಂಕಿಯೂ ಕೈಕೊಡುತ್ತದೆ.

ನೀರಿನ ಉಷ್ಣತೆಯನ್ನೇ ತೆಗೆದುಕೊಳ್ಳಿ. ಹಿಂದೆ ನಾವಿಕರು ಹಗ್ಗ ಕಟ್ಟಿದ ಬಕೆಟ್ ಇಳಿಸಿ ನೀರೆತ್ತಿ ಥರ್ಮಾಮೀಟರ್ ಇಡುತ್ತಿದ್ದರು. ಕ್ಯಾನ್ವಾಸ್ ಬಕೆಟ್ ಆದರೆ ಮೇಲೆಳೆಯುವ ಹೊತ್ತಿಗೇ ಅದರ ಮೈಯಿಂದ ನೀರು ಆವಿಯಾಗಿ ಒಳಗಿನದು ತಣ್ಣಗಾಗುತ್ತಿತ್ತು. ಅದೂ ಒಂದು ಹೂಜಿಯೇ! ಆಮೇಲೆ ಎಂಜಿನ್ ತಂಪು ಮಾಡಲು ಒಳಗೆಳೆದುಕೊಳ್ಳುವ ನೀರನ್ನು ಅಳೆಯತೊಡಗಿದರು, ಅದು ಎಂಜಿನ್ ಕೋಣೆಯಲ್ಲಿ ತುಸು ಬಿಸಿಯಾಗಿರುತ್ತಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ದಾಖಲೆಗಳಲ್ಲಿ ಎಂಜಿನ್ ನೀರು ಅಳೆಯುವ ಹಡಗುಗಳ ಪಾಲು ಇಳಿದು ಬಕೆಟ್ ಇಳಿಸುವ ಹಡಗುಗಳ ಪಾಲು ಏರಿತು. 1945ರಲ್ಲಿ ಜಗತ್ತಿನ ಸಮುದ್ರಗಳೆಲ್ಲ ಒಮ್ಮೆಲೇ ಸುಮಾರು 0.3 ಡಿಗ್ರಿ ತಣ್ಣಗಾದಂತೆ ಕಂಡದ್ದು ಬಹುಮಟ್ಟಿಗೆ ಇದರಿಂದಲೇ ಅಂತ 2008ರಲ್ಲಿ ತಿಳಿದುಬಂತು. ಅಂದರೆ ಅರವತ್ತಕ್ಕೂ ಜಾಸ್ತಿ ವರ್ಷ ಆ ತಪ್ಪು ದಾಖಲೆಯಲ್ಲೇ ಕೂತಿತ್ತು.

ಈಗಿನ ತೊಡಕು ಇನ್ನೂ ನವಿರು. ಗಾಳಿಯನ್ನು ಮುಟ್ಟುವುದು ನೀರಿನ ಚರ್ಮ ಮಾತ್ರ, ಒಂದು ಮಿಲಿಮೀಟರೂ ಇಲ್ಲದ ಪದರ. ಶಾಖ ಅಲ್ಲಿಂದಲೇ ಹೊರಡುವುದರಿಂದ ಅದು ಕೆಳಗಿನ ನೀರಿಗಿಂತ 0.2–0.3 ಡಿಗ್ರಿ ತಣ್ಣಗಿರುತ್ತದೆ. ನಮ್ಮ ಥರ್ಮಾಮೀಟರ್ ಇರುವುದು ಒಂದೆರಡು ಮೀಟರ್ ಆಳದಲ್ಲಿ. 29 ಡಿಗ್ರಿಯ ನೀರು, ಸೆಕೆಂಡಿಗೆ 6 ಮೀಟರ್ ಗಾಳಿ ಅಂತ ಹಿಡಿದು ನಾನು ಕೂತು ಗುಣಿಸಿ ನೋಡಿದೆ. ಚರ್ಮದ ಈ 0.3 ಡಿಗ್ರಿ ಮರೆತರೆ ಸುಮಾರು 13 ವ್ಯಾಟ್ ತಪ್ಪಾಗುತ್ತದೆ. ಉಪ್ಪುನೀರಿನ ಮೇಲಿನ ಆವಿ ಸಿಹಿನೀರಿಗಿಂತ ಎರಡು ಶೇಕಡಾ ಕಡಿಮೆ. ಅದನ್ನು ಮರೆತರೆ ಇನ್ನೊಂದು 10 ವ್ಯಾಟ್. ಗಾಳಿಯ ತೇವದ ಅಳತೆ ಕೆಜಿಗೆ ಒಂದು ಗ್ರಾಂ ತಪ್ಪಿದರೆ 20 ವ್ಯಾಟ್! ಇನ್ನು ಗಾಳಿ ನಿಂತ ಮಧ್ಯಾಹ್ನ ಇದೆಲ್ಲ ತಲೆಕೆಳಗು. ಆಗ ಮೇಲಿನ ಪದರ ಬಿಸಿಲಿಗೆ ಕಾದು ಕೆಳಗಿನದಕ್ಕಿಂತ ಎರಡು ಮೂರು ಡಿಗ್ರಿ ಜಾಸ್ತಿ ಆಗಬಹುದು. ಗಾಳಿಯ ಉಷ್ಣತೆ ಅಳೆಯುವ ಥರ್ಮಾಮೀಟರಿನ ನೆರಳುಗೂಡೂ ಅದೇ ಬಿಸಿಲಿಗೆ ಕಾಯುತ್ತದೆ. ಒಳಗೆ ಫ್ಯಾನ್ ಇಟ್ಟರೆ ಸರಿಹೋಗುತ್ತದೆ, ಆದರೆ ನಡುಸಮುದ್ರದಲ್ಲಿ ಆ ಫ್ಯಾನಿಗೆ ಕರೆಂಟ್ ಎಲ್ಲಿಂದ?

ಇವನ್ನೆಲ್ಲ ಒಂದೊಂದಾಗಿ ಬಿಡಿಸಿದ್ದು 1992ರ ನವೆಂಬರಿನಿಂದ 1993ರ ಫೆಬ್ರವರಿವರೆಗೆ ಪಶ್ಚಿಮ ಪೆಸಿಫಿಕ್ ಸಾಗರದ ಬೆಚ್ಚಗಿನ ನೀರಿನಲ್ಲಿ ನಡೆದ ದೊಡ್ಡ ಪ್ರಯೋಗ. ಹೆಸರು ಟೋಗಾ ಕೋರ್. ಹಲವು ದೇಶಗಳ ಹಡಗು, ವಿಮಾನ, ಬೋಯ್ ಎಂಬ ತೇಲುಬುರುಡೆಗಳು ಒಟ್ಟಾಗಿ ಅಳೆದವು. ಗುರಿ ಹತ್ತು ವ್ಯಾಟ್ ಒಳಗಿನ ನಿಖರತೆ. ಹಡಗುಗಳು ಪಕ್ಕಪಕ್ಕ ನಿಂತು ಒಂದರ ಉಪಕರಣವನ್ನು ಇನ್ನೊಂದರ ಜೊತೆ ತಾಳೆ ನೋಡಿದವು. ಅಲ್ಲಿಂದ ಹೊರಬಂದ ಲೆಕ್ಕದ ವಿಧಾನವನ್ನು ಕ್ರಿಸ್ ಫೇರಾಲ್ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದರು, 2003ರಲ್ಲಿ ತಿದ್ದಿದರು. ಇವತ್ತಿಗೂ ಈ ಕೆಲಸದಲ್ಲಿರುವವರು ಮೊದಲು ಕೈಹಾಕುವುದು ಅದಕ್ಕೇ. ತಣ್ಣನೆಯ ಚರ್ಮ, ಬಿಸಿಲಿಗೆ ಕಾದ ಪದರ ಎರಡನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ.

ಅದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ನಿಂತ ಗಾಳಿಯದು. ಸರಾಸರಿ ಗಾಳಿ ಸೊನ್ನೆ ಎಂದರೆ ಸೂತ್ರದ ಪ್ರಕಾರ ಆವಿಯೂ ಸೊನ್ನೆ. ಆದರೆ ಬಿಸಿನೀರಿನ ಮೇಲೆ ಗಾಳಿ ನಿಜವಾಗಿ ಸುಮ್ಮನೆ ನಿಲ್ಲುವುದೇ ಇಲ್ಲ. ಈಗ ಈ ಕಡೆ, ಆಮೇಲೆ ಆ ಕಡೆ ಸುಳಿಯುತ್ತಲೇ ಇರುತ್ತದೆ. ಕೂಡಿಸಿದರೆ ಸೊನ್ನೆ, ಆದರೆ ಪ್ರತಿ ಸುಳಿಯೂ ಒಂದಿಷ್ಟು ಆವಿ ಒಯ್ದಿರುತ್ತದೆ. ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದವರು ತಮ್ಮ ಮಾದರಿಯಲ್ಲಿ ಈ ಒಂದು ಅಂಶ ತಿದ್ದಿದಾಗ ಉಷ್ಣವಲಯದ ಮಳೆಯ ಹಂಚಿಕೆ ಸುಧಾರಿಸಿತು, ನಮ್ಮ ಮುಂಗಾರಿನ ಚಿತ್ರವೂ ಸುಧಾರಿಸಿತು. ಅದರ ವರದಿ ಬಂದದ್ದು 1992ರಲ್ಲಿ.

ನಮ್ಮ ನೀರಿನಲ್ಲಿ ಅಳೆಯುವ ಕೆಲಸವೂ ನಡೆದಿದೆ, ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1999ರ ಜುಲೈ–ಆಗಸ್ಟಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಸ್. ಭಟ್ ಅವರ ಮುಂದಾಳತ್ವದಲ್ಲಿ ಬಂಗಾಳ ಕೊಲ್ಲಿಯ ಮುಂಗಾರು ಪ್ರಯೋಗ ನಡೆಯಿತು. ಸಾಗರ ಕನ್ಯಾ, ಸಾಗರಧ್ವನಿ ಹಡಗುಗಳು ಮಳೆಗಾಲದ ಒರಟು ಕಡಲಿನಲ್ಲಿ ನಿಂತು ಅಳೆದವು. 2016ರ ಜೂನ್–ಜುಲೈನಲ್ಲಿ ಅದೇ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ತಂಡ ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸಿಂಧು ಸಾಧನಾ ಹಡಗಿನಲ್ಲಿ ಹೋಯಿತು. ನೀರಿನೊಳಗೆ ತಾನೇ ಈಜಾಡುವ ಗ್ಲೈಡರ್‌ಗಳನ್ನೂ ಬಿಟ್ಟರು.

ಹಡಗು ತಿಂಗಳಿಗೆ ವಾಪಸ್ ಬರಬೇಕು. ವರ್ಷವಿಡೀ ನಿಲ್ಲುವುದು ಬೋಯ್. ಸಮುದ್ರದ ತಳಕ್ಕೆ ಲಂಗರು ಹಾಕಿ ತೇಲಿಬಿಟ್ಟ ದೊಡ್ಡ ಬುರುಡೆ, ಮೇಲೆ ಮೂರು ನಾಲ್ಕು ಮೀಟರಿನ ಗೋಪುರ, ಗೋಪುರದ ತುಂಬ ಉಪಕರಣ. ಹಿಂದೂ ಮಹಾಸಾಗರದಲ್ಲಿ 2004ರಿಂದ ರಾಮಾ ಎಂಬ ಹೆಸರಿನ ಬೋಯ್ ಸಾಲು ಬೆಳೆಯುತ್ತಾ ಬಂದಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯದೂ ಪ್ರತ್ಯೇಕ ಸಾಲು ಇದೆ. 2014ರ ಡಿಸೆಂಬರಿನಲ್ಲಿ ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯವರು ಭಾರತದ ಸಾಗರ ನಿಧಿ ಹಡಗಿನಿಂದ ಬಂಗಾಳ ಕೊಲ್ಲಿಯ ಉತ್ತರದಲ್ಲಿ, 18 ಡಿಗ್ರಿ ಅಕ್ಷಾಂಶದ ಹತ್ತಿರ, ಒಂದು ಬೋಯ್ ಇಳಿಸಿದರು. ನಾಲ್ಕೂ ಬಾಬ್ತು ಲೆಕ್ಕ ಹಾಕಲು ಬೇಕಾದ್ದೆಲ್ಲ ಅದರಲ್ಲಿತ್ತು. 2016ರ ಜನವರಿಯವರೆಗೆ, ಒಂದು ಇಡೀ ಮುಂಗಾರನ್ನು ದಾಟಿ, ಅದು ಅಳೆಯುತ್ತಾ ನಿಂತಿತ್ತು.

ಬೋಯ್‌ಗೂ ಅದರದೇ ಕಷ್ಟಗಳಿವೆ. ಬಿಸಿಲು ಅಳೆಯುವ ಗಾಜಿನ ಗುಮ್ಮಟದ ಮೇಲೆ ಹಕ್ಕಿ ಹಿಕ್ಕೆ ಹಾಕುತ್ತದೆ. ಬುರುಡೆ ಸ್ವಲ್ಪ ವಾಲಿದರೂ ಬಿಸಿಲಿನ ಲೆಕ್ಕ ತಪ್ಪುತ್ತದೆ. ಅದರ ನೆರಳಿಗೆ ಮೀನು ಸೇರುತ್ತದೆ, ಮೀನು ಇದ್ದಲ್ಲಿಗೆ ದೋಣಿ ಬರುತ್ತದೆ. ದೋಣಿಯನ್ನು ಬೋಯ್‌ಗೆ ಕಟ್ಟಿದಾಗ, ಬಲೆ ಸಿಕ್ಕಿಕೊಂಡಾಗ ಉಪಕರಣ ಮುರಿಯುವುದುಂಟು. ಮೀನುಗಾರರನ್ನು ಬೈಯುವುದು ಸುಲಭ. ಆದರೆ ನಾಲ್ಕು ದಿನ ಕಡಲಲ್ಲಿ ಅಲೆದವನಿಗೆ ಅದು ಮೀನು ಸಿಗುವ ಜಾಗ ಅಷ್ಟೇ. ಮಲ್ಪೆ, ಮಂಗಳೂರಿನ ದೋಣಿಗಳಿಗೆ ಮೀನು ಎಲ್ಲಿದೆ, ಅಲೆ ಎಷ್ಟು ಏಳುತ್ತದೆ ಅಂತ ಸೂಚನೆ ಕೊಡುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ. ಕಡಲಿನ ಸೂಚನೆಗೆ ಇಂಥ ಬೋಯ್‌ಗಳೂ ಕಣ್ಣು ಅಂತ ದಕ್ಕೆಯಲ್ಲಿ ಕೂತು ತಿಳಿಸಿ ಹೇಳುವ ಕೆಲಸ ಇನ್ನೂ ಜಾಸ್ತಿ ಆಗಬೇಕು ಅಂತ ನನ್ನ ಅಭಿಪ್ರಾಯ.

ಉಪಗ್ರಹ ಇದೆಯಲ್ಲ, ಮತ್ತೇಕೆ ಬೋಯ್ ಅಂತ ಬಹಳ ಜನ ಕೇಳುತ್ತಾರೆ. ಉಪಗ್ರಹ ನೀರಿನ ಮೈಯ ಉಷ್ಣತೆಯನ್ನು ಚೆನ್ನಾಗಿ ನೋಡುತ್ತದೆ. ನೀರಿನ ಮೇಲಿನ ಸಣ್ಣ ಅಲೆಗಳ ಒರಟುತನದಿಂದ ಗಾಳಿಯ ವೇಗ, ದಿಕ್ಕು ಹೇಳುತ್ತದೆ. ಇಸ್ರೋದ ಓಷನ್‌ಸ್ಯಾಟ್-2 ಉಪಗ್ರಹ 2009ರಿಂದ, ಸ್ಕ್ಯಾಟ್‌ಸ್ಯಾಟ್-1 2016ರಿಂದ ಈ ಕೆಲಸ ಮಾಡಿದವು. 2022ರ ನವೆಂಬರಿನಲ್ಲಿ ಇಒಎಸ್-06 ಹಾರಿತು. ಆದರೆ ನೀರಿಗೆ ಅಂಟಿಕೊಂಡ ಕೆಳಗಿನ ಕೆಲವೇ ಮೀಟರಿನ ಗಾಳಿ ಎಷ್ಟು ಬೆಚ್ಚಗಿದೆ, ಎಷ್ಟು ತೇವ ಇದೆ ಅಂತ ಮೇಲಿನಿಂದ ನೇರವಾಗಿ ನೋಡಲು ಆಗುವುದಿಲ್ಲ. ಇಡೀ ಗಾಳಿಯ ಕಂಬದಲ್ಲಿ ಎಷ್ಟು ಆವಿ ಇದೆ ಅಂತ ನೋಡಿ, ತಳದಲ್ಲಿ ಇಷ್ಟಿರಬಹುದು ಅಂತ ಊಹಿಸಬೇಕು. ಹೂಜಿಯನ್ನೂ ಕಿಟಕಿಯ ಗಾಳಿಯನ್ನೂ ದೂರದಿಂದ ನೋಡಬಹುದು, ಕೋಣೆಯ ಸೆಕೆ ಮಾತ್ರ ಒಳಗೆ ಹೋದವರಿಗಷ್ಟೇ ಗೊತ್ತು. ದೊಡ್ಡ ತಪ್ಪು ಉಳಿದಿರುವುದು ಈ ಸಣ್ಣ ಜಾಗದಲ್ಲೇ.

ತಪ್ಪು ಎಷ್ಟು ದೊಡ್ಡದು ಅಂತ ತಿಳಿಯಲು ಒಂದು ದಾರಿ ಇದೆ. ಜಗತ್ತಿನ ಎಲ್ಲ ಸಮುದ್ರಗಳ ಜಮಾ-ಖರ್ಚು ಕೂಡಿಸಿ ನೋಡುವುದು. 2000ದ ಆಸುಪಾಸಿನಲ್ಲಿ ಶುರುವಾದ ಆರ್ಗೋ ಯೋಜನೆಯ ಸುಮಾರು 4,000 ತೇಲುಯಂತ್ರಗಳು ಎರಡು ಕಿ.ಮೀ. ಆಳದವರೆಗೆ ಮುಳುಗೆದ್ದು ಉಷ್ಣತೆ ಅಳೆಯುತ್ತವೆ. ಅವುಗಳ ಪ್ರಕಾರ ಸಾಗರಗಳು ನಿಜವಾಗಿ ಉಳಿಸಿಕೊಳ್ಳುತ್ತಿರುವುದು ಚದರ ಮೀಟರಿಗೆ ಒಂದು ವ್ಯಾಟಿನ ಆಸುಪಾಸು. ಭೂಮಿ ಬಿಸಿಯಾಗುತ್ತಿರುವುದರ 90 ಶೇಕಡಾದಷ್ಟು ಹೋಗಿ ಸೇರುತ್ತಿರುವುದು ಅಲ್ಲಿಗೇ. ಮೇಲ್ಮೈ ಸೂತ್ರದಿಂದ, ಉಪಗ್ರಹದಿಂದ ಲೆಕ್ಕ ಹಾಕಿ ಕೂಡಿಸಿದರೆ ಕೆಲವು ಲೆಕ್ಕಗಳಲ್ಲಿ 20 ವ್ಯಾಟಿಗೂ ಜಾಸ್ತಿ ಉಳಿತಾಯ ಕಾಣುತ್ತದೆ. ಅಷ್ಟು ಉಳಿದಿದ್ದರೆ ಸಮುದ್ರ ಎಂದೋ ಬೆಚ್ಚಗಿನ ಸ್ನಾನದ ನೀರಾಗುತ್ತಿತ್ತು. ಎಲ್ಲೋ ಖರ್ಚು ಬರೆಯುವುದು ಬಿಟ್ಟುಹೋಗಿದೆ. ಆರ್ಗೋವನ್ನೇ ನಂಬಿ ಸೂತ್ರ ಬಿಡೋಣ ಅಂದರೆ, ಒಂದು ಜಾಗದ ನೀರನ್ನು ಪ್ರವಾಹವೂ ಬಿಸಿ ಮಾಡುತ್ತದೆ, ಗಾಳಿಯೂ ತಣ್ಣಗೆ ಮಾಡುತ್ತದೆ. ಯಾರ ಪಾಲು ಎಷ್ಟು ಅಂತ ಥರ್ಮಾಮೀಟರ್ ಒಂದೇ ಹೇಳಲಾರದು.

ಈಗ ಕೆಲಸ ನಡೆಯುತ್ತಿರುವುದು ಆ ಕೆಳಗಿನ ಕೆಲವು ಮೀಟರ್ ಗಾಳಿಯೊಳಗೆ ಹೋಗುವುದಕ್ಕೆ. ಆಳಿಲ್ಲದ, ಹಾಯಿಯಿಂದ ಓಡುವ ಏಳು ಮೀಟರಿನ ಸೈಲ್‌ಡ್ರೋನ್ ದೋಣಿಗಳು ತಿಂಗಳುಗಟ್ಟಲೆ ಅಳೆಯುತ್ತಾ ಸಾಗುತ್ತವೆ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಅಂಥದೊಂದು ಅಟ್ಲಾಂಟಿಕ್‌ನ ಸ್ಯಾಮ್ ಚಂಡಮಾರುತದ ಒಳಗೇ ನುಗ್ಗಿತು. ಹದಿನೈದು ಮೀಟರ್ ಅಲೆ, ಗಂಟೆಗೆ 190 ಕಿ.ಮೀ.ಗೂ ಜಾಸ್ತಿ ಗಾಳಿಯ ನಡುವೆ ಅಳತೆ ಕಳಿಸಿತು. ಅಷ್ಟು ಜೋರು ಗಾಳಿಯಲ್ಲಿ ನೀರಿನ ಮೈ ಎಲ್ಲಿ ಮುಗಿಯಿತು, ತುಂತುರು ಎಲ್ಲಿ ಶುರುವಾಯಿತು ಅನ್ನುವುದೇ ಗೊತ್ತಾಗುವುದಿಲ್ಲ. ನಮ್ಮ ಕಡೆ 2021ರ ಮೇ ತಿಂಗಳ ತೌಕ್ತೆ ನೆನಪಿರುವವರಿಗೆ ಇಂಥ ಅಳತೆಯ ಬೆಲೆ ಗೊತ್ತು. 2019ರಲ್ಲಿ ಈ ಕ್ಷೇತ್ರದವರೆಲ್ಲ ಸೇರಿ ಒಂದು ಗುರಿ ಬರೆದರು. ಹಿಮವಿಲ್ಲದ ಎಲ್ಲ ಸಾಗರದ ಮೇಲೆ, 25 ಕಿ.ಮೀ.ಗೆ ಒಂದರಂತೆ, ಮೂರು ಗಂಟೆಗೊಮ್ಮೆ ಶಾಖದ ಅಂಕಿ ಸಿಗಬೇಕು. ದಿನದ ತಪ್ಪು 15 ವ್ಯಾಟ್ ಮೀರಬಾರದು, ಒಂದೇ ಕಡೆ ವಾಲುವ ತಪ್ಪು 5 ವ್ಯಾಟಿನೊಳಗಿರಬೇಕು.

ಆ 5 ವ್ಯಾಟ್ ಹೇಗೆ ಗಳಿಸುತ್ತಾರೆ ಅನ್ನುವುದಕ್ಕೆ ಒಂದು ಚಿತ್ರ. ವುಡ್ಸ್ ಹೋಲ್‌ನವರು ವರ್ಷವಿಡೀ ನಿಂತ ಹಳೆಯ ಬೋಯ್ ಬದಲಿಸುವಾಗ ಅದನ್ನು ಕೂಡಲೇ ಎತ್ತಿಕೊಳ್ಳುವುದಿಲ್ಲ. ಹೊಸದನ್ನು ಹತ್ತಿರದಲ್ಲೇ ಇಳಿಸುತ್ತಾರೆ. ಎರಡೂ ಒಂದೇ ಗಾಳಿಯಲ್ಲಿ, ಒಂದೇ ಬಿಸಿಲಿನಲ್ಲಿ ಜೊತೆಯಾಗಿ ತೇಲುತ್ತವೆ. ಹಡಗು ಪಕ್ಕದಲ್ಲಿ ಗಾಳಿಗೆ ಮುಖ ಮಾಡಿ ಒಂದು ಹಗಲು ಒಂದು ರಾತ್ರಿ ಕಾಯುತ್ತದೆ. ಹಳೆಯದು ತೇವ ಎಷ್ಟು ಅನ್ನುತ್ತದೆ, ಹೊಸದು ಎಷ್ಟು ಅನ್ನುತ್ತದೆ, ಹಡಗಿನ ಮೂತಿಯ ಉಪಕರಣ ಎಷ್ಟು ಅನ್ನುತ್ತದೆ ಅಂತ ಮೂರನ್ನೂ ಬರೆದುಕೊಳ್ಳುತ್ತಾರೆ. ಆಮೇಲೆಯೇ ಹಳೆಯದನ್ನು ಹಡಗಿನ ಮೇಲೆಳೆದು, ಉಪ್ಪು ಹಿಡಿದ ಉಪಕರಣಗಳನ್ನು ಒಂದೊಂದಾಗಿ ಬಿಚ್ಚಿ, ಇನ್ನೊಮ್ಮೆ ತಾಳೆ ನೋಡಲು ದಡಕ್ಕೆ ತರುತ್ತಾರೆ.